ಊರ ಹೊರಗಿನ ಈಚಲು, ಊರೊಳಗಿನ ಪಬ್ಬು

ಬೆಂಗಳೂರು–ಹೊನ್ನಾವರ ರಸ್ತೆಯಲ್ಲಿ ಗುಬ್ಬಿ, ನಿಟ್ಟೂರು ದಾಟಿ ಪಶ್ಚಿಮಕ್ಕೆ ಹೋಗುವವರಿಗೆ ಕಿಬ್ಬನಹಳ್ಳಿ ಕ್ರಾಸ್ ಸಿಗುತ್ತದೆ. ಕಂಡಕ್ಟರುಗಳ ಬಾಯಲ್ಲಿ ಅದು ಬರೀ ಕೆ.ಬಿ. ಕ್ರಾಸ್. ಅಲ್ಲಿಂದ ಎಡಕ್ಕೆ ಹೊರಳಿದರೆ ತುರುವೇಕೆರೆ, ಬಲಕ್ಕೆ ಹೊರಳಿದರೆ ಚಿಕ್ಕನಾಯಕನಹಳ್ಳಿ, ನೆಟ್ಟಗೆ ಹೋದರೆ ತಿಪಟೂರು. ಯಾವ ಕಡೆ ನೋಡಿದರೂ ತೆಂಗು. ತುಮಕೂರು ಜಿಲ್ಲೆಗೆ ಕಲ್ಪತರು ನಾಡು ಎಂಬ ಹೆಸರು ಬಂದದ್ದು ಮುಖ್ಯವಾಗಿ ಈ ಮೂರು ತಾಲ್ಲೂಕುಗಳಿಂದ ಎಂದರೆ ಉಳಿದ ತಾಲ್ಲೂಕಿನವರು ಬೇಸರಪಟ್ಟುಕೊಳ್ಳಬಾರದು.

ಇಂಥದೊಂದು ಕೂಡುರಸ್ತೆ ಇಂಗ್ಲೆಂಡಿನಲ್ಲಿ ಇದ್ದಿದ್ದರೆ ಅದರ ಮೂಲೆಯಲ್ಲಿ ಹಳೆಯದೊಂದು ಪಬ್ಬು ಇರುತ್ತಿತ್ತು. ಬಾಗಿಲ ಮೇಲೆ ಬಣ್ಣದ ಹಲಗೆ, ಹಲಗೆಯಲ್ಲಿ ಒಂದು ಕೆಂಪು ಸಿಂಹವೋ ನೇಗಿಲೋ ಕಿರೀಟವೋ, ಹಿಂದೆ ಸಾರೋಟಿನ ಕುದುರೆಗಳನ್ನು ಕಟ್ಟುತ್ತಿದ್ದ ಲಾಯ. ಇಲ್ಲಿ ಇರುವುದು ಟೀ ಅಂಗಡಿ, ಎಳನೀರಿನ ರಾಶಿ, ಬೇಕರಿ, ಬಸ್ಸಿಗೆ ಕಾಯುವ ಜನ. ಹಾಗೆಂದು ಈ ಸೀಮೆಯಲ್ಲಿ ಕುಡಿಯುವ ಮನೆಗಳೇ ಇರಲಿಲ್ಲ ಎಂದಲ್ಲ. ಇದ್ದವು. ಆದರೆ ಊರ ಹೊರಗಿದ್ದವು. ಹಳ್ಳದ ದಂಡೆಯಲ್ಲಿ, ಕೆರೆಯ ಹಿಂದಿನ ತಗ್ಗಿನಲ್ಲಿ, ಈಚಲು ಮರಗಳ ಪಕ್ಕದಲ್ಲಿ. ಇಂಗ್ಲೆಂಡಿನಲ್ಲಿ ಊರ ನಡುವೆ, ಇಗರ್ಜಿಯ ಪಕ್ಕದಲ್ಲೇ ಕುಳಿತ ಪಬ್ಬು ಇಲ್ಲಿ ಏಕೆ ಊರಾಚೆಗೆ ಹೋಯಿತು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಸ್ವಲ್ಪ ವಿಜ್ಞಾನ, ಸ್ವಲ್ಪ ಇತಿಹಾಸ, ಸಾಕಷ್ಟು ಸಂಕಟ ಎದುರಾಗುತ್ತವೆ.

ಮೊದಲು ಪಬ್ಬಿನ ಸಂಗತಿ. ಪಬ್ಬು ಎಂಬುದು ಪಬ್ಲಿಕ್ ಹೌಸ್ ಎಂಬುದರ ಮೊಟಕು ರೂಪ. ಸಾರ್ವಜನಿಕರ ಮನೆ ಎಂದೇ ಅದರ ಅರ್ಥ. ಹಿಂದೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಬಾರ್ಲಿಯ ಪೇಯವನ್ನು ಮನೆಮನೆಯಲ್ಲಿ ಹೆಂಗಸರೇ ಕಾಯಿಸಿ ಹುದುಗೆಬ್ಬಿಸುತ್ತಿದ್ದರು. ಮನೆಗೆ ಸಾಕಾಗಿ ಮಿಕ್ಕದ್ದನ್ನು ಮಾರುವ ದಿನ ಬಾಗಿಲ ಮುಂದೆ ಒಂದು ಕೋಲು ನೆಟ್ಟು ಸೊಪ್ಪಿನ ಕಟ್ಟು ತೂಗುಹಾಕುತ್ತಿದ್ದರು. ಸೊಪ್ಪು ಕಂಡವರು ಒಳಗೆ ಬಂದು ಅಡಿಗೆಮನೆಯ ಬೆಂಚಿನ ಮೇಲೆ ಕೂರುತ್ತಿದ್ದರು. ಪಬ್ಬಿನ ಹುಟ್ಟು ಇಷ್ಟೆ. 1393ರಲ್ಲಿ ಎರಡನೆಯ ರಿಚರ್ಡ್ ದೊರೆಯ ಕಾಲದಲ್ಲಿ ಇಂಥ ಮನೆಗಳು ಗುರುತಿನ ಹಲಗೆ ಹಾಕಲೇಬೇಕೆಂದು ಕಟ್ಟಳೆಯಾಯಿತು. ಓದು ಬಾರದ ಜನರೇ ಹೆಚ್ಚು, ಆದ್ದರಿಂದ ಹಲಗೆಯ ಮೇಲೆ ಅಕ್ಷರಕ್ಕಿಂತ ಚಿತ್ರ ಮುಖ್ಯ. ಸಿಂಹ, ಹಂಸ, ನೇಗಿಲುಗಳು ಬಂದದ್ದು ಹೀಗೆ. 1552ರಲ್ಲಿ ನ್ಯಾಯಾಧಿಕಾರಿಗಳಿಂದ ಪರವಾನಗಿ ಪಡೆದೇ ಮಾರಬೇಕು ಎಂಬ ಕಾಯಿದೆ ಬಂತು.

ಪಬ್ಬಿನ ಕಥೆಯೆಲ್ಲ ಸಿಹಿಯಾದದ್ದಲ್ಲ. 18ನೆಯ ಶತಮಾನದ ಮೊದಲ ಭಾಗದಲ್ಲಿ ಜಿನ್ ಎಂಬ ಅಗ್ಗದ ಕಡು ಮದ್ಯ ಲಂಡನ್ನಿನ ಬಡವರನ್ನು ಸುಲಿದುಹಾಕಿತು. 1751ರಲ್ಲಿ ಹೋಗಾರ್ತ್ ಎಂಬ ಚಿತ್ರಕಾರ ಎರಡು ಚಿತ್ರಗಳನ್ನು ಅಚ್ಚು ಹಾಕಿಸಿದ. ಒಂದು ಬಿಯರ್ ಬೀದಿ, ಅಲ್ಲಿ ಎಲ್ಲರೂ ದುಂಡಗಿದ್ದಾರೆ, ಕೆಲಸ ನಡೆದಿದೆ. ಇನ್ನೊಂದು ಜಿನ್ ಓಣಿ, ಅಲ್ಲಿ ಅಮಲೇರಿದ ತಾಯಿಯ ಕೈಯಿಂದ ಮಗು ಜಾರಿ ಬೀಳುತ್ತಿದೆ. 1830ರಲ್ಲಿ ಸರ್ಕಾರ ಜಿನ್ನಿನಿಂದ ಜನರನ್ನು ಬಿಡಿಸಲೆಂದು ಎರಡು ಗಿನಿ ಶುಲ್ಕ ಕಟ್ಟಿದ ತೆರಿಗೆದಾರನಿಗೆ ತನ್ನ ಮನೆಯಲ್ಲೇ ಬಿಯರ್ ಮಾರಲು ಅನುಮತಿ ಕೊಟ್ಟಿತು. ಸಾವಿರಾರು ಮನೆಗಳ ಮುಂಬಾಗಿಲು ಅಂಗಡಿಯಾಯಿತು. ಕುಡಿತ ಕಡಿಮೆ ಮಾಡಲು ಕುಡಿತದ ಅಂಗಡಿ ತೆರೆಯುವ ಜಾಣತನ ಯಾವ ಸರ್ಕಾರಕ್ಕೂ ಹೊಸದಲ್ಲ.

ಈಗ ತೆಂಗಿನ ಸೀಮೆಗೆ ಬರೋಣ. 1800ರಲ್ಲಿ, ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ನೋಡಿ ವರದಿ ಬರೆಯಲು ಹೊರಟ. ಚಿಕ್ಕನಾಯಕನಹಳ್ಳಿಗೂ ತುರುವೇಕೆರೆಗೂ ಬಂದ. ಈ ಭಾಗದ ತೆಂಗಿನ ತೋಟಗಳ ಬಗ್ಗೆ ವಿವರವಾಗಿ ಬರೆದ. ಎರಡು ಶತಮಾನ ಕಳೆದರೂ ಇಲ್ಲಿನ ತೋಟದ ಲೆಕ್ಕಾಚಾರದ ಮೂಲ ಬದಲಾಗಿಲ್ಲ. ಎಳನೀರಿಗಿಂತ, ಹಸಿಕಾಯಿಗಿಂತ ಇಲ್ಲಿ ಕೊಬ್ಬರಿಯೇ ದೊಡ್ಡದು. ಅದರಲ್ಲೂ ಉಂಡೆ ಕೊಬ್ಬರಿ.

ಉಂಡೆ ಕೊಬ್ಬರಿ ಆಗುವ ಬಗೆಯನ್ನು ಪಟ್ಟಣದ ಮಕ್ಕಳು ಒಮ್ಮೆ ನೋಡಬೇಕು. ಹೊಂಬಾಳೆ ಒಡೆದು ಹೂವು ಹರಳಾಗಿ, ಹರಳು ಕಾಯಾಗಿ ಬಲಿಯಲು ಒಂದು ವರ್ಷ. ಬಲಿತ ಕಾಯಿಯನ್ನು ಮಟ್ಟೆ ಸಹಿತ ಅಟ್ಟಕ್ಕೆ ಏರಿಸುತ್ತಾರೆ. ಅಲ್ಲಿ ನೆರಳಿನಲ್ಲಿ, ಗಾಳಿಯಲ್ಲಿ, ಅಡಿಗೆಯ ಹೊಗೆ ಬೆಚ್ಚಗೆ ತಾಕುವಲ್ಲಿ ಇನ್ನೂ ಎಂಟು ಹತ್ತು ತಿಂಗಳು. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಕರಟದಿಂದ ಬಿಡುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಸದ್ದು. ಆಮೇಲೆ ಮಟ್ಟೆ ಸುಲಿದು, ಒಂದು ಏಟೂ ತಿರುಳಿಗೆ ತಾಗದಂತೆ ಕರಟ ಒಡೆದು ಉಂಡೆಯನ್ನು ಬಿಡಿಸಬೇಕು. ಹೊಂಬಾಳೆಯಿಂದ ತಿಪಟೂರಿನ ಮಂಡಿಗೆ ಹೆಚ್ಚುಕಡಿಮೆ ಎರಡು ವರ್ಷದ ದಾರಿ. ಮಕ್ಕಳ ಕಾಲೇಜು ಶುಲ್ಕ, ಮಗಳ ಮದುವೆ, ಬ್ಯಾಂಕಿನ ಬಡ್ಡಿ ಎಲ್ಲವೂ ಆ ಅಟ್ಟವನ್ನೇ ನೋಡುತ್ತ ಕೂತಿರುತ್ತವೆ.

ಅದೇ ಹೊಂಬಾಳೆಗೆ ಇನ್ನೊಂದು ದಾರಿಯೂ ಇದೆ. ಒಡೆಯದ ಹೊಂಬಾಳೆಯನ್ನು ಹುರಿಯಿಂದ ಬಿಗಿದು, ಕೆಲವು ದಿನ ಹದವಾಗಿ ತಟ್ಟಿ, ತುದಿಯನ್ನು ದಿನವೂ ತೆಳುವಾಗಿ ಕೊಯ್ಯುತ್ತ ಬಂದರೆ ರಸ ತೊಟ್ಟಿಕ್ಕತೊಡಗುತ್ತದೆ. ಮರ ಹೂವಿಗೂ ಕಾಯಿಗೂ ಕಳಿಸಬೇಕಾಗಿದ್ದ ಸಕ್ಕರೆ ಅದು. ಆಗ ತಾನೆ ಇಳಿದ ರಸವೇ ನೀರಾ. ನೂರು ಭಾಗದಲ್ಲಿ ಸುಮಾರು ಹನ್ನೆರಡರಿಂದ ಹದಿನೈದು ಭಾಗ ಸಕ್ಕರೆ, ಮಿಕ್ಕದ್ದು ಬಹುಪಾಲು ನೀರು. ಅಮಲು ಸೊನ್ನೆ. ಆದರೆ ಆ ಸೊನ್ನೆ ಬಹಳ ಹೊತ್ತು ಸೊನ್ನೆಯಾಗಿ ಉಳಿಯುವುದಿಲ್ಲ.

ಗಾಳಿಯಲ್ಲಿ, ಮಡಕೆಯ ರಂಧ್ರಗಳಲ್ಲಿ, ಜೇನು ಇರುವೆಗಳ ಕಾಲಿನಲ್ಲಿ ಯೀಸ್ಟ್ ಎಂಬ ಏಕಕೋಶ ಜೀವಿ ಇರುತ್ತದೆ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಲ್ಯೂಕೊನೊಸ್ಟಾಕ್ ಬ್ಯಾಕ್ಟೀರಿಯವೂ ಈ ರಸದಲ್ಲಿ ಸೇರಿಕೊಳ್ಳುತ್ತದೆ. ಸಕ್ಕರೆ ಸಿಕ್ಕಿದ್ದೇ ತಡ ಯೀಸ್ಟಿಗೆ ಹಬ್ಬ. ಒಂದು ಗ್ಲೂಕೋಸ್ ಅಣು ಒಡೆದು ಎರಡು ಆಲ್ಕೊಹಾಲ್ ಅಣು, ಎರಡು ಇಂಗಾಲದ ಡೈಆಕ್ಸೈಡ್ ಅಣು. ಮಡಕೆಯ ಬಾಯಲ್ಲಿ ನೊರೆಯೇಳುವುದು ಈ ಅನಿಲದಿಂದ. ನೂರು ಗ್ರಾಂ ಗ್ಲೂಕೋಸಿನಿಂದ ಹೆಚ್ಚೆಂದರೆ 51 ಗ್ರಾಂ ಆಲ್ಕೊಹಾಲ್ ಬರಬಹುದು. ಹತ್ತನೆಯ ತರಗತಿಯ ವಿದ್ಯಾರ್ಥಿ ಇಲ್ಲಿಂದ ಮುಂದಿನ ಲೆಕ್ಕವನ್ನು ತಾನೇ ಮಾಡಬಹುದು. ಹನ್ನೆರಡು ಭಾಗ ಸಕ್ಕರೆ ಇದ್ದರೆ ಆರು ಭಾಗದ ಆಸುಪಾಸು ಮೇಲ್ಮಿತಿ. ವಾಸ್ತವದಲ್ಲಿ ನಾಲ್ಕೈದು ಭಾಗ. ಇಂಗ್ಲಿಷ್ ಪಬ್ಬಿನ ಬಿಯರಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಬಾರ್ಲಿಯಿಂದ ಬಂದರೇನು, ಹೊಂಬಾಳೆಯಿಂದ ಬಂದರೇನು, ಯೀಸ್ಟಿಗೆ ಜಾತಿಭೇದವಿಲ್ಲ.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ, ಊರೊಳಗೆ ಊರಾಚೆ ಎಂಬ ಪ್ರಶ್ನೆಯ ಅರ್ಧ ಉತ್ತರವೂ ಅಲ್ಲೇ ಇದೆ. ಬಿಯರನ್ನು ಕುದಿಸುತ್ತಾರೆ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವನ್ನು ಹಾಕುತ್ತಾರೆ. ಆ ಕಹಿ ಕೆಡಿಸುವ ಬ್ಯಾಕ್ಟೀರಿಯಗಳನ್ನು ತಡೆಯುತ್ತದೆ. ಹೀಗಾಗಿ ಬಿಯರ್ ಪೀಪಾಯಿಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ, ಬಂಡಿಯೇರಿ ಊರೂರು ಸುತ್ತುತ್ತದೆ. ಹಡಗಿನಲ್ಲಿ ಇಂಡಿಯಾಕ್ಕೂ ಬಂತು. ಹಾಗೆ ಬರುತ್ತಿದ್ದ ಒಂದು ಬಗೆಗೆ ಇಂಗ್ಲೆಂಡಿನ ಪಬ್ಬುಗಳಲ್ಲಿ ಇಂದಿಗೂ ಇಂಡಿಯಾ ಪೇಲ್ ಏಲ್ ಎಂದೇ ಹೆಸರು. ಹೆಂಡದ ಆಯುಷ್ಯ ಒಂದು ದಿನ. ಬೆಳಿಗ್ಗೆ ಸಿಹಿ, ಮಧ್ಯಾಹ್ನಕ್ಕೆ ಒಗರು, ಸಂಜೆಗೆ ಹುಳಿ, ಮಾರನೆಯ ದಿನಕ್ಕೆ ವಿನೆಗರ್ ಆಗುವ ಹಾದಿಯಲ್ಲಿರುತ್ತದೆ. ಇಂಥದ್ದನ್ನು ಕೂಡಿಡಲಾಗದು, ಎತ್ತಿನ ಗಾಡಿಯಲ್ಲಿ ದೂರ ಸಾಗಿಸಲಾಗದು. ಮರವಿದ್ದಲ್ಲಿಗೆ ಅಂಗಡಿ ಹೋಗಬೇಕು.

ಆ ಮರ ಯಾವುದು? ಈ ಬಯಲುಸೀಮೆಯಲ್ಲಿ ಹೆಂಡವೆಂದರೆ ಹೆಚ್ಚಾಗಿ ಈಚಲಿನ ಹೆಂಡ. ತೆಂಗಿನ ಹೊಂಬಾಳೆಗೆ ರೈತ ಕತ್ತಿ ತಾಗಿಸಲು ಒಪ್ಪುತ್ತಿರಲಿಲ್ಲ, ಅವನ ಕಣ್ಣು ಅಟ್ಟದ ಮೇಲೆ. ಈಚಲು ಯಾರೂ ನೆಡದ ಮರ. ಹಳ್ಳದ ಬದಿ, ಕೆರೆ ಕೋಡಿ, ಜೌಗು ತಗ್ಗುಗಳಲ್ಲಿ ತಾನಾಗಿ ಬೆಳೆಯುತ್ತದೆ. ತಿಪಟೂರು ತಾಲ್ಲೂಕಿನ ಈಚನೂರಿನಂಥ ಹೆಸರು ಕೇಳಿದರೇ ಆ ಮರ ಕಣ್ಣಿಗೆ ಬರುತ್ತದೆ. ತೆಂಗಿನಲ್ಲಿ ಹೊಂಬಾಳೆ ಕೊಯ್ದರೆ ಈಚಲಿನಲ್ಲಿ ತಲೆಯ ಕೆಳಗೆ ಕಾಂಡವನ್ನೇ ಕೆತ್ತಿ ರಸ ತೆಗೆಯುತ್ತಾರೆ. ಹೆಂಡ ಇಳಿಸುವ ಈ ಕಸುಬು ಈಡಿಗ ಸಮುದಾಯದವರದ್ದಾಗಿತ್ತು. ಮುಂಜಾನೆ ಕತ್ತಲಲ್ಲಿ, ಸೊಂಟಕ್ಕೆ ಹಗ್ಗ ಬಿಗಿದು, ಮುಳ್ಳಿನಂಥ ಗರಿಗಳ ನಡುವೆ ಕೈಹಾಕಿ ಮಡಕೆ ಬಿಚ್ಚುವುದು ಸಣ್ಣ ಧೈರ್ಯದ ಕೆಲಸವಲ್ಲ.

ಪ್ರಶ್ನೆಯ ಇನ್ನರ್ಧ ಉತ್ತರ ಮರದಲ್ಲಿಲ್ಲ, ಮನುಷ್ಯರಲ್ಲಿದೆ. ಕುಡಿಯುವುದು ತಪ್ಪು ಎಂಬ ಭಾವನೆ ಊರಿಗೆ ಗಟ್ಟಿಯಾಗಿತ್ತು. ಕುಡಿಯುವವನಿಗೂ ಗಟ್ಟಿಯಾಗಿತ್ತು. ಅವನು ಬೆಳಕು ಮಬ್ಬಾದ ಮೇಲೆ ಹೋಗಿ, ಮಬ್ಬಿನಲ್ಲೇ ಬರಬೇಕು. ಹೆಂಡದಂಗಡಿಗೆ ಹಲಗೆಯಿಲ್ಲ, ಸಿಂಹವಿಲ್ಲ, ಹಂಸವಿಲ್ಲ. ಬೆಂಚೂ ಇಲ್ಲದೆ ಕುಕ್ಕರಗಾಲಿನಲ್ಲಿ ಕೂತು ಕುಡಿಯುವ ಜಾಗ. ಇಂಗ್ಲೆಂಡಿನಲ್ಲಿ ಅಪ್ಪ ಪಬ್ಬಿನಲ್ಲಿದ್ದಾನೆ ಎಂದು ಮಗು ನಾಲ್ಕು ಜನರ ಮುಂದೆ ಹೇಳಬಹುದು. ಇಲ್ಲಿ ಆ ಮಾತನ್ನು ಮಗು ನುಂಗಿಕೊಳ್ಳುತ್ತದೆ. ಕನ್ನಡಕ್ಕೆ ಹೆಂಡದಂಗಡಿಯ ಲೋಕವನ್ನು ಹಾಡಾಗಿ ಕೊಟ್ಟ ‘ರತ್ನನ ಪದಗಳು’ ಬರೆದ ಜಿ.ಪಿ. ರಾಜರತ್ನಂ ಸ್ವತಃ ಕುಡಿಯದವರು. ಎಂಡಕುಡುಕ ರತ್ನನನ್ನು ಪ್ರೀತಿಸಿದ ಕನ್ನಡಿಗರು ಅವನಿಗೆ ಪದ್ಯದಲ್ಲಿ ಕೊಟ್ಟ ಜಾಗವನ್ನು ಊರೊಳಗೆ ಕೊಡಲಿಲ್ಲ.

ಸರ್ಕಾರಕ್ಕೆ ಮಾತ್ರ ಈ ನಾಚಿಕೆ ಇರಲಿಲ್ಲ. ಟಿಪ್ಪು ಮದ್ಯ ನಿಲ್ಲಿಸಲು ಯತ್ನಿಸಿದ್ದ. ಆಮೇಲಿನ ಮೈಸೂರು ಆಡಳಿತದಲ್ಲಿ ಮರಕ್ಕೆ ಸುಂಕ, ಅಂಗಡಿಗೆ ಹರಾಜು, ಹರಾಜು ಹಿಡಿದವನು ಗುತ್ತಿಗೆದಾರ. ಅಬ್ಕಾರಿ ಎಂಬ ಪಾರಸಿ ಮಾತು ಹಳ್ಳಿಯ ಬಾಯಲ್ಲಿ ನೆಲೆಯೂರಿತು. ಭೂಕಂದಾಯದ ನಂತರ ಖಜಾನೆ ತುಂಬುತ್ತಿದ್ದ ದೊಡ್ಡ ಬಾಬುಗಳಲ್ಲಿ ಇದೂ ಒಂದು. ಮರ ಹತ್ತುವವನಿಗೆ ಕೂಲಿ, ಕುಡಿಯುವವನಿಗೆ ಅಮಲು, ಗುತ್ತಿಗೆದಾರನಿಗೆ ಲಾಭ, ಸರ್ಕಾರಕ್ಕೆ ಸುಂಕ. ಮನೆಯಲ್ಲಿ ಕಾಯುತ್ತ ಕೂತವಳಿಗೆ ಏನು ಎಂದು ಲೆಕ್ಕದಲ್ಲಿ ಬರೆಯುವ ಪದ್ಧತಿ ಇರಲಿಲ್ಲ.

ಗಾಂಧೀಜಿ ಆ ಲೆಕ್ಕ ಬರೆಸಿದರು. ಹೆಂಡದಂಗಡಿಯ ಮುಂದೆ ಪಿಕೆಟಿಂಗ್ ಮಾಡುವುದು 1920ರ ದಶಕದ ಆರಂಭದಿಂದಲೇ ಸ್ವಾತಂತ್ರ್ಯ ಹೋರಾಟದ ಭಾಗವಾಯಿತು. ಆಗ ಕಾಂಗ್ರೆಸ್ಸಿನಲ್ಲಿದ್ದ, ಈರೋಡಿನ ಕನ್ನಡ ಮನೆಮಾತಿನ ಮನೆತನದ ಪೆರಿಯಾರ್ ರಾಮಸ್ವಾಮಿ ತಮ್ಮದೇ ತೋಟದ ನೂರಾರು ತೆಂಗಿನ ಮರಗಳನ್ನು ಹೆಂಡಕ್ಕೆ ಬಳಕೆಯಾಗುತ್ತವೆ ಎಂದು ಕಡಿಸಿಹಾಕಿದರು. ತಿಪಟೂರಿನ ಹಿರಿಯರ ಮುಂದೆ ಈ ಸಂಗತಿ ಹೇಳಿದರೆ ಹೋರಾಟಕ್ಕೆ ತಲೆದೂಗುವ ಮೊದಲು ಮರಕ್ಕೆ ಮರುಗುತ್ತಾರೆ.

ಕನ್ನಡ ನಾಡಿನಲ್ಲಿ ಕೊಡಲಿ ಬಿದ್ದದ್ದು ಈಚಲಿಗೆ. 1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರೂ ಸಂಗಡಿಗರೂ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ನಡೆಸಿದರು. ಸರ್ಕಾರದ ಮರ ಕಡಿಯುವುದು ಅರಣ್ಯ ಕಾನೂನಿನ ಭಂಗ, ಹೆಂಡದ ಬುಡಕ್ಕೂ ಪೆಟ್ಟು. ಶಿಕ್ಷೆಯಾಯಿತು, ನಿಜಲಿಂಗಪ್ಪನವರ ವಕೀಲಿ ಸನದು ಹೋಯಿತು. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಈ ಊರನ್ನು ತುರುವೇಕೆರೆ ಎಂದು ಬರೆದುಬಿಡುವ ಅಪಾಯವಿದೆ. ತುರು ಎಂದರೆ ಹಳಗನ್ನಡದಲ್ಲಿ ದನ. ಎರಡೂ ದನ ಮೇಯಿಸಿದವರ ಊರುಗಳೇ ಇರಬೇಕು, ಆದರೆ ಊರು ಬೇರೆ ಬೇರೆ. ತುರುವೇಕೆರೆಯವರ ಪಾಲಿಗೆ ಹೊಯ್ಸಳರ ಕಾಲದ ಗುಡಿಗಳಿವೆ, ಗಂಗಾಧರೇಶ್ವರನ ಮುಂದೆ ಮುಖ ಕಾಣುವಷ್ಟು ನುಣುಪಾದ ಕಪ್ಪುಕಲ್ಲಿನ ನಂದಿಯಿದೆ. ಅದು ಸಾಕು.

ಇಂಗ್ಲೆಂಡಿನಲ್ಲೂ ಸರ್ಕಾರ ಪಬ್ಬಿನ ಮೇಲೆ ಕೈಯೆತ್ತಿದ ಕಾಲವೊಂದಿತ್ತು. ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿನ ಕಾರ್ಖಾನೆಗಳ ಕೆಲಸಗಾರರು ಕುಡಿದು ಕೆಲಸ ಕೆಡಿಸುತ್ತಾರೆ ಎಂದು 1915ರಲ್ಲಿ ಪಬ್ಬಿನ ಹೊತ್ತು ಕತ್ತರಿಸಿದರು. ಮಧ್ಯಾಹ್ನ ಬಾಗಿಲು ಹಾಕಬೇಕು. ಒಬ್ಬ ಇನ್ನೊಬ್ಬನಿಗೆ ಕುಡಿಸಬಾರದು ಎಂದೂ ಆಜ್ಞೆಯಾಯಿತು, ಸ್ವಂತ ಹೆಂಡತಿಗೆ ಲೋಟ ಕೊಡಿಸಿದರೂ ಕಷ್ಟ. 1916ರಲ್ಲಿ ಕಾರ್ಲೈಲ್ ಪಟ್ಟಣದಲ್ಲಿ ಸರ್ಕಾರವೇ ಪಬ್ಬುಗಳನ್ನೂ ಬಿಯರ್ ಭಟ್ಟಿಗಳನ್ನೂ ಕೊಂಡು ತಾನೇ ನಡೆಸಿತು. ಯುದ್ಧ ಮುಗಿದರೂ ಆ ಸರ್ಕಾರಿ ಪಬ್ಬುಗಳು 1970ರ ದಶಕದವರೆಗೆ ನಡೆದವು. ಮಧ್ಯಾಹ್ನದ ಬಾಗಿಲು ತೆರೆದದ್ದು 1988ರಲ್ಲಿ. ತಾತ್ಕಾಲಿಕ ಎಂದು ತಂದ ಕಾನೂನು ಎಷ್ಟು ಕಾಲ ಬಾಳುತ್ತದೆ ನೋಡಿ.

ಇಲ್ಲಿ ಪಾನನಿರೋಧ ಬಂತು, ಹೋಯಿತು. 1965ರಲ್ಲಿ ಅಬ್ಕಾರಿ ಕಾಯಿದೆ ಆದಾಗ ಮುಖ್ಯಮಂತ್ರಿಯಾಗಿದ್ದವರು, ವಿಚಿತ್ರವೆಂದರೆ, ತುರುವನೂರಿನ ಅದೇ ನಿಜಲಿಂಗಪ್ಪನವರು. 1960ರ ದಶಕದ ಕೊನೆಯ ಹೊತ್ತಿಗೆ ನಿರೋಧ ಸಡಿಲಾಗಿ ಅಂಗಡಿಗಳು ಮತ್ತೆ ತೆರೆದವು. ಹೆಂಡದ ಜತೆಗೆ ಸಾರಾಯಿ ಬೆಳೆಯಿತು. ಹೆಂಡಕ್ಕೂ ಸಾರಾಯಿಗೂ ಇರುವ ಅಂತರವನ್ನು ಹೋಗಾರ್ತನ ಎರಡು ಚಿತ್ರಗಳು ತೋರಿಸುತ್ತವೆ. ಹುದುಗಿದ್ದರಲ್ಲಿ ನಾಲ್ಕೈದು ಭಾಗವಿದ್ದದ್ದು ಭಟ್ಟಿ ಇಳಿಸಿದರೆ ಹಲವು ಪಟ್ಟು ಏರುತ್ತದೆ. ಸಾರಾಯಿ ಕೆಡುವುದಿಲ್ಲ, ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಜೇಬಿಗೆ ಇಳಿಯುತ್ತದೆ. ಹೆಂಡಕ್ಕೆ ಮರದ ಹತ್ತಿರ ಹೋಗಬೇಕಿತ್ತು, ಪ್ಯಾಕೆಟ್ಟು ತಾನೇ ಮನೆಯ ಹತ್ತಿರ ಬಂತು.

ಕಳ್ಳ ಸಾರಾಯಿಯ ಮಾತೇ ಬೇರೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಇಂಥ ದುರಂತಗಳಲ್ಲಿ ಕೊಲ್ಲುವುದು ಸಾಮಾನ್ಯವಾಗಿ ಮಿಥೈಲ್ ಆಲ್ಕೊಹಾಲ್. ಬಣ್ಣ ಕರಗಿಸಲು, ಕಾರ್ಖಾನೆಗಳಲ್ಲಿ ಬಳಸಲು ಇರುವ ಅಗ್ಗದ ವಸ್ತು ಅದು. ನೋಡಲು, ಮೂಸಲು ಕುಡಿಯುವ ಆಲ್ಕೊಹಾಲಿನಂತೆಯೇ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗುತ್ತದೆ, ಮೊದಲು ಕಣ್ಣಿನ ನರ, ಆಮೇಲೆ ಉಸಿರು. ಒಂದೇ ಒಂದು ಇಂಗಾಲದ ಪರಮಾಣು ಕಡಿಮೆಯಿರುವ ಅಣು ಮಾಡುವ ಕೆಲಸ ಇದು. ರಸಾಯನಶಾಸ್ತ್ರ ಬೇಸರದ ವಿಷಯ ಎನ್ನುವ ಮಕ್ಕಳಿಗೆ ತಂದೆ ತಾಯಿ ಇದನ್ನು ಹೇಳಬಹುದು.

ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಅದೇ ದಿನ ಇಂಗ್ಲೆಂಡಿನ ಪಬ್ಬುಗಳೊಳಗೆ ಸಿಗರೇಟು ಸೇದುವುದು ನಿಷೇಧವಾಯಿತು. ಒಂದಕ್ಕೊಂದು ಸಂಬಂಧವಿಲ್ಲ, ಕ್ಯಾಲೆಂಡರಿನ ಆಟವಷ್ಟೆ. ಬಯಲುಸೀಮೆಯ ಹೆಂಡದಂಗಡಿಗಳು ಅದಕ್ಕೆ ಕೆಲವು ವರ್ಷ ಮೊದಲೇ ಮುಚ್ಚಿದ್ದವು, ಕರಾವಳಿಯಲ್ಲಿ ಮಾತ್ರ ಶೇಂದಿ ಉಳಿಯಿತು. ಅಲ್ಲಿನ ಕ್ರೈಸ್ತ ಮನೆಗಳಲ್ಲಿ ಸನ್ನಾ ಉಬ್ಬಿಸಲೂ ಶೇಂದಿ ಬೇಕು. ಹೆಂಡ ಹೋಯಿತು, ಸಾರಾಯಿ ಹೋಯಿತು. ಕುಡಿತ ಹೋಯಿತೇ? ಹೆದ್ದಾರಿಯ ಬದಿಯ ವೈನ್ ಸ್ಟೋರುಗಳ ಮುಂದೆ ಸಂಜೆ ನಿಂತ ಮೋಟಾರ್ ಸೈಕಲ್ಲುಗಳೇ ಉತ್ತರ ಹೇಳುತ್ತವೆ. ಸರ್ಕಾರಿ ಸಂಸ್ಥೆಯಾದ ಎಂಎಸ್ಐಎಲ್ ಕೂಡ ಮದ್ಯ ಮಾರುತ್ತದೆ, ಕಾರ್ಲೈಲಿನ ನೆನಪಾಗುತ್ತದೆ. ಮರವೇರುವ ಕಸುಬು ಮಾತ್ರ ಈ ಸೀಮೆಯಿಂದ ಎದ್ದುಹೋಯಿತು.

ಈ ನಡುವೆ ತೆಂಗಿನ ಹೊಂಬಾಳೆಯೇ ಜಗಳದ ಕೇಂದ್ರವಾದ ಒಂದು ಕಾಲ ಬಂತು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಕರ್ನಾಟಕದ ತೋಟಗಳಿಗೂ ಹಬ್ಬಿತು. ಒಂದು ಮಿಲಿಮೀಟರಿನ ಕಾಲುಭಾಗಕ್ಕಿಂತ ಉದ್ದವಿಲ್ಲದ ಈ ಜೀವಿ ಹರಳಿನ ತೊಟ್ಟಿನ ಅಡಿಯಲ್ಲಿ ಕೂತು ರಸ ಹೀರುತ್ತದೆ. ಕಾಯಿ ಬಿರುಕುಬಿಟ್ಟು, ಕುಗ್ಗಿ, ಕೊಬ್ಬರಿ ಹಗುರಾಗುತ್ತದೆ. ಬರವೂ ಸೇರಿತು. ಕಾಯಿ ಕೈಬಿಟ್ಟರೆ ಹೊಂಬಾಳೆಯಿಂದಲೇ ನೀರಾ ಇಳಿಸಿ ಮಾರುತ್ತೇವೆ ಎಂದು ರೈತರು ಹೇಳಿದರು. ಸರ್ಕಾರ ಒಪ್ಪಲಿಲ್ಲ, ಬೆಳಿಗ್ಗೆಯ ನೀರಾ ಮಧ್ಯಾಹ್ನಕ್ಕೆ ಹೆಂಡವಾಗುತ್ತದೆ ಎಂಬುದು ಅದರ ವಾದ. ವಾದದಲ್ಲಿ ವಿಜ್ಞಾನವಿತ್ತು, ಆದರೆ ರೈತನ ಹೊಟ್ಟೆಗೆ ಉತ್ತರವಿರಲಿಲ್ಲ. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ನೀರಾ ಚಳವಳಿಯ ಮೇಲೆ ಪೊಲೀಸರ ಗುಂಡು ಹಾರಿತು, ರೈತರು ಪ್ರಾಣ ಕಳೆದುಕೊಂಡರು. ಸ್ವಂತ ತೋಟದ ಮರದ ರಸಕ್ಕಾಗಿ.

ಯೀಸ್ಟನ್ನು ತಡೆಯುವ ಉಪಾಯ ಇಲ್ಲದಿರಲಿಲ್ಲ. ಮಡಕೆಯ ಒಳಗೋಡೆಗೆ ಸುಣ್ಣ ಬಳಿಯುವುದು ಹಳೆಯ ಕ್ರಮ, ಕ್ಷಾರದಲ್ಲಿ ಯೀಸ್ಟಿನ ಆಟ ನಡೆಯದು. ಸುಣ್ಣದ ರುಚಿ ಮಾತ್ರ ಉಳಿಯುತ್ತದೆ. ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾಗಿ ಮುಂದೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಕಡೆ ವಿಜ್ಞಾನಿಗಳು ಹೊಂಬಾಳೆಗೇ ಮಂಜುಗಡ್ಡೆಯ ಪೆಟ್ಟಿಗೆ ಕಟ್ಟುವ ವಿಧಾನ ರೂಪಿಸಿದರು. ತೊಟ್ಟಿಕ್ಕಿದ ರಸ ಆ ಕ್ಷಣದಿಂದಲೇ ತಣ್ಣಗಿರುತ್ತದೆ, ಯೀಸ್ಟು ಮಲಗಿಯೇ ಇರುತ್ತದೆ. ಹಾಗೆ ಸಂಗ್ರಹಿಸಿದ ನೀರಾಕ್ಕೆ ಅವರು ಕಲ್ಪರಸ ಎಂದು ಹೆಸರಿಟ್ಟರು. ಅಬ್ಕಾರಿ ಕಾಯಿದೆಗೆ ತಿದ್ದುಪಡಿಯಾಗಿ ಪರವಾನಗಿ ಪಡೆದು ನೀರಾ ಇಳಿಸುವ ವ್ಯವಸ್ಥೆಯೂ ಬಂತು. ಕೊಬ್ಬರಿ ಬೆಲೆ ಕುಸಿದ ವರ್ಷ ಎಲ್ಲರಿಗೂ ನೀರಾ ನೆನಪಾಗುತ್ತದೆ, ಬೆಲೆ ಏರಿದ ವರ್ಷ ಮರೆತುಹೋಗುತ್ತದೆ. ದಿನಕ್ಕೆರಡು ಬಾರಿ ಮರವೇರುವ ಆಳು ಎಲ್ಲಿ ಎಂಬ ಪ್ರಶ್ನೆಯೂ ಇದೆ. ಏರುತ್ತಿದ್ದವರ ಮಕ್ಕಳು ಓದಿ ಬೇರೆ ಕೆಲಸ ಹಿಡಿದಿದ್ದಾರೆ, ಅವರನ್ನು ಯಾರು ತಪ್ಪು ಎನ್ನಲಾದೀತು?

ಕುಡಿಯುವ ಮಾತು ಬಿಟ್ಟು ಕೂರುವ ಮಾತಿಗೆ ಬಂದರೆ, ಪಬ್ಬಿನ ಆ ಇನ್ನೊಂದು ಕೆಲಸ ಈ ಸೀಮೆಯಲ್ಲಿ ಬೇರೆ ಕಡೆ ಹಂಚಿಹೋಗಿದೆ. ಅರಳಿಕಟ್ಟೆಯ ಮೇಲೆ ಮಳೆಯ ಚರ್ಚೆ, ಹೋಟೆಲಿನಲ್ಲಿ ಬೈಟು ಕಾಫಿಯ ಜತೆ ಚುನಾವಣೆ, ತಿಪಟೂರಿನ ಮಂಡಿಯಲ್ಲಿ ಚೀಲದ ಮೇ��ೆ ಕೂತು ಕೊಬ್ಬರಿ ಧಾರಣೆ. ಈ ಮೂರೂ ಕಡೆ ಹೆಂಗಸರು ಕಡಿಮೆ. ಇಂಗ್ಲೆಂಡೂ ಈ ವಿಷಯದಲ್ಲಿ ಬೀಗಬೇಕಾಗಿಲ್ಲ. ಲಂಡನ್ನಿನ ಎಲ್ ವೀನೊ ಎಂಬ ಹೆಸರಾಂತ ಮದ್ಯದ ಮನೆಯಲ್ಲಿ ಹೆಂಗಸರು ಗಂಡಸರಂತೆ ಕಟ್ಟೆಯ ಬಳಿ ನಿಂತು ಪೇಯ ಕೇಳಬಹುದು ಎಂದು ತೀರ್ಪಾದದ್ದು 1982ರಲ್ಲಿ, ಇಬ್ಬರು ಮಹಿಳೆಯರು ಕೋರ್ಟಿಗೆ ಹೋದ ಮೇಲೆ.

ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1946ರಲ್ಲಿ ತನ್ನ ಮೆಚ್ಚಿನ ಪಬ್ಬಿನ ಬಗ್ಗೆ ಪತ್ರಿಕೆಗೆ ಒಂದು ಲೇಖನ ಬರೆದ. ಗಲಾಟೆಯಿಲ್ಲದ, ಮಕ್ಕಳೂ ಬಂದು ಆಡಬಹುದಾದ ತೋಟವಿರುವ, ಎಲ್ಲರ ಹೆಸರೂ ಗೊತ್ತಿರುವ ಮನೆ. ಲೇಖನದ ಕೊನೆಗೆ, ಅಂಥ ಪಬ್ಬು ಇಲ್ಲವೇ ಇಲ್ಲ ಎಂದು ಹೇಳಿಬಿಟ್ಟ. ಈಗ ಅಲ್ಲಿ ಇದ್ದ ಪಬ್ಬುಗಳೂ ಮುಚ್ಚುತ್ತಿವೆ. ಬಿಯರ್ ಅಂಗಡಿಯಲ್ಲಿ ಅಗ್ಗ, ಮನೆಯಲ್ಲಿ ಟಿವಿ. 2011ರ ಒಂದು ಕಾಯಿದೆಯ ಪ್ರಕಾರ ಹಳ್ಳಿಯವರು ತಮ್ಮ ಪಬ್ಬನ್ನು ಸಮುದಾಯದ ಆಸ್ತಿ ಎಂದು ಪಟ್ಟಿಗೆ ಸೇರಿಸಬಹುದು. ಮಾಲೀಕ ಮಾರಹೊರಟರೆ ಊರವರು ಹಣ ಕೂಡಿಸಿ ಕೊಳ್ಳಲು ಯತ್ನಿಸುವಷ್ಟು ಸಮಯ ಕಾನೂನೇ ಕೊಡಿಸುತ್ತದೆ. ಹಾಗೆ ಊರವರೇ ಕೊಂಡ ಪಬ್ಬುಗಳಲ್ಲಿ ಕೆಲವೆಡೆ ಅಂಚೆ ಕಚೇರಿ, ಪುಸ್ತಕದ ಕಪಾಟು, ದಿನಸಿ ಅಂಗಡಿಗಳೂ ಸೇರಿಕೊಂಡಿವೆ.

ಈಚಲು ಇನ್ನೂ ಇದೆ. ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿನ ಕಡೆಗೆ ಹೋಗುವಾಗ ಹಳ್ಳ ಸಿಕ್ಕಲ್ಲೆಲ್ಲ ಕಣ್ಣಿಟ್ಟು ನೋಡಬೇಕು. ಮರಳು ತೋಡಿದ, ಒತ್ತುವರಿಯಾದ ಹಳ್ಳಗಳಲ್ಲಿ ಮೊದಲಿನಷ್ಟಿಲ್ಲ. ಗರಿಯಿಂದ ಪೊರಕೆ, ಚಾಪೆ, ಬುಟ್ಟಿ ಹೆಣೆಯುವವರು ಸಂತೆಗೆ ಬರುತ್ತಾರೆ. ಹಳೆಯ ಮರಗಳ ಕಾಂಡದಲ್ಲಿ ಒಂದರ ಮೇಲೊಂದು, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಮೆಟ್ಟಿಲಿನಂತೆ ಕಚ್ಚುಗಳಿರುತ್ತವೆ. ಕತ್ತಿ ಬಿದ್ದ ವರ್ಷಗಳ ಗುರುತು ಅವು. ಬೇಸಿಗೆಯ ಕೊನೆಗೆ ಹಣ್ಣಾದಾಗ ಕಿತ್ತಳೆ ಬಣ್ಣದ ಗೊಂಚಲುಗಳಿಗೆ ಹಕ್ಕಿಗಳು ಮುತ್ತುತ್ತವೆ, ಹಕ್ಕಿಗಳ ಹಿಂದೆ ಹಳ್ಳಿಯ ಮಕ್ಕಳು.